ಗೀರು ಹೋಗಲ್ಲ, ಸುತ್ತಲಿನ ಲೋಹ ಹೋಗುತ್ತೆ

ಬಾಗಿಲ ಚಿಲಕಕ್ಕೆ ತಾಗಿದ್ದು. ದೊಡ್ಡ ಶಬ್ದವೇನೂ ಬರಲಿಲ್ಲ, ಟಕ್ ಅಂತ ಸಣ್ಣದಾಗಿ. ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬರುತ್ತಿದ್ದೆ. ಆ ಶಬ್ದ ಕೇಳಿದ ಕೂಡಲೇ ಏನಾಯಿತು ಅಂತ ಗೊತ್ತಾಗಿಹೋಯಿತು. ಸಾಮಾನು ಕೆಳಗಿಟ್ಟು ಕೈ ತಿರುಗಿಸಿ ನೋಡಿದೆ. ವಾಚಿನ ಎಡಗಡೆ ಕೆಳಗಿನ ಕಿವಿಯ ಮೇಲೆ ಅಡ್ಡಲಾಗಿ ಒಂದು ಗೀರು. ಕಿವಿ ಅಂದರೆ ಚೈನು ಬಂದು ಕೂರುವ ಕೊಂಬಿನಂಥ ಭಾಗ, ವಾಚಿನವರು ಲಗ್ ಅನ್ನುತ್ತಾರೆ. ಗೀರು ನಾಲ್ಕು ಮಿಲಿಮೀಟರ್ ಇರಬಹುದು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ.

ಈ ವಾಚು ತಗೊಂಡು ಎಂಟು ವರ್ಷ ಆಯಿತು. ಮೈ ಮೇಲೆ ಗೀರುಗಳಿಗೇನೂ ಕಡಿಮೆ ಇಲ್ಲ. ಚೈನನ್ನು ಕೈ ಕೆಳಗೆ ಸಿಕ್ಕಿಸುವ ಕೊಂಡಿಯಂತೂ ಮೇಜಿಗೆ ಉಜ್ಜಿ ಉಜ್ಜಿ ಹಳೇ ಸ್ಲೇಟಿನ ಹಾಗೆ ಆಗಿದೆ. ಅದರ ಬಗ್ಗೆ ಈಗ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಕೈ ಮೇಲಿದ್ದಾಗ ಅದು ಕಾಣುವುದೂ ಇಲ್ಲ. ಆದರೆ ಈ ಗೀರು ಹಾಗಲ್ಲ. ಗಂಟೆ ನೋಡಲು ಕೈ ಎತ್ತಿದರೆ ಮೊದಲು ಕಾಣುವುದು ಇದು, ಆಮೇಲೆ ಮುಳ್ಳು. ಎಷ್ಟೋ ಸಲ ಗೀರು ನೋಡಿ ಕೈ ಇಳಿಸಿ, ಅಯ್ಯೋ ಗಂಟೆ ಎಷ್ಟಾಯಿತು ಅಂತ ಮತ್ತೆ ಕೈ ಎತ್ತಿದ್ದೇನೆ.

ಅಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು, ಮತ್ತೆ ಹಾಕಿಕೊಂಡಳು. "ಎಲ್ಲೋ ಇದೆ?" ಅಂದಳು. ಬೆರಳಿಟ್ಟು ತೋರಿಸಿದೆ. "ಇದಕ್ಕಾ ಮೂರು ದಿನದಿಂದ ಮುಖ ಊದಿಸಿಕೊಂಡಿರೋದು? ಅದು ವಾಚು ಕಣೋ. ಪಾಲಿಶ್ ಮಾಡಿಸಿ ಬಿಸಾಕು, ಆಯ್ತಲ್ಲ."

ಮಾಡಿಸಿ ಬಿಸಾಕುವುದು ಅಷ್ಟು ಸುಲಭವಾಗಿದ್ದಿದ್ದರೆ ಇಷ್ಟುದ್ದ ಬರೆಯಲು ಕೂರುತ್ತಿರಲಿಲ್ಲ. ಇದರ ಮೇಲೆ ಸರ್ವೀಸ್ ಬೇರೆ ಹತ್ತಿರ ಬಂದಿತ್ತು. ದುಬಾರಿ ವಾಚನ್ನು ಕಂಪನಿಯ ಸರ್ವೀಸಿಗೆ ಕೊಟ್ಟರೆ ಸಾಮಾನ್ಯವಾಗಿ ಕೇಸು, ಅಂದರೆ ವಾಚಿನ ಲೋಹದ ಹೊರಮೈ, ಮತ್ತೆ ಚೈನು ಪಾಲಿಶ್ ಮಾಡುವುದೂ ಅದರಲ್ಲೇ ಸೇರಿರುತ್ತದೆ. ಬೇಡ ಅಂದರೆ ನಾವೇ ಬಾಯಿ ಬಿಟ್ಟು ಹೇಳಬೇಕು. ಅಂದರೆ ಸುಮ್ಮನಿದ್ದರೂ ಅದೊಂದು ತೀರ್ಮಾನವೇ, ಹೊಸದರ ಹಾಗೆ ಹೊಳೆಯುವ ವಾಚು ವಾಪಸ್ ಬರುತ್ತದೆ. ಬಹಳ ಜನಕ್ಕೆ ಬೇಕಾಗಿರುವುದೂ ಅದೇ, ತಪ್ಪೇನಿಲ್ಲ. ನನಗೆ ಮಾತ್ರ ಹಳೇ ಅನುಭವ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಾಲಿಶ್ ಅಂದರೆ ಏನು ಅನ್ನುವುದು. ಪಾಲಿಶ್ ಅಂದ ಕೂಡಲೇ ನಮಗೆ ಶೂ ನೆನಪಾಗುತ್ತದೆ. ಶೂಗೆ ಮೇಲಿಂದ ಏನೋ ಹಚ್ಚುತ್ತೇವೆ, ಉಜ್ಜುತ್ತೇವೆ, ಹೊಳೆಯುತ್ತದೆ. ವಾಚಿನ ಪಾಲಿಶ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಹಚ್ಚುವುದು ಏನೂ ಇಲ್ಲ, ತೆಗೆಯುವುದೇ ಎಲ್ಲ. ಗೀರು ಅಂದರೆ ಲೋಹದಲ್ಲಿ ಬಿದ್ದ ಒಂದು ಸಣ್ಣ ಕಾಲುವೆ. ಅದನ್ನು ಯಾರೂ ತುಂಬಿಸುವುದಿಲ್ಲ. ಗದ್ದೆಯಲ್ಲಿ ಒಂದು ಗುಂಡಿ ಇದೆ ಅಂದುಕೊಳ್ಳಿ. ಗುಂಡಿ ಮುಚ್ಚಲು ಎಲ್ಲಿಂದಲೋ ಮಣ್ಣು ತರುವುದು ಬಿಟ್ಟು, ಇಡೀ ಗದ್ದೆಯನ್ನೇ ಗುಂಡಿಯ ತಳದ ಮಟ್ಟಕ್ಕೆ ಕೆರೆದು ಹಾಕಿದರೆ ಹೇಗೆ? ಗುಂಡಿ ಹೋಯಿತು, ನಿಜ. ಜೊತೆಗೆ ಗದ್ದೆಯ ಮೇಲ್ಮಣ್ಣೂ ಹೋಯಿತು. ವಾಚಿನಲ್ಲಿ ಆಗುವುದು ಅಕ್ಷರಶಃ ಇದೇ.

ಇನ್ನೊಂದು ವಿಷಯ ಇದೆ, ಇದು ನನಗೆ ತುಂಬ ತಡವಾಗಿ ತಿಳಿದದ್ದು. ಗೀರು ಬಿದ್ದಾಗ ಲೋಹ ಎಲ್ಲವೂ ಕಿತ್ತುಕೊಂಡು ಹೋಗುವುದಿಲ್ಲ. ನೇಗಿಲು ಹೊಡೆದಾಗ ಸಾಲಿನ ಎರಡೂ ಬದಿಗೆ ಮಣ್ಣು ಎದ್ದು ನಿಲ್ಲುತ್ತದಲ್ಲ, ಹಾಗೆ ಗೀರಿನ ಎರಡೂ ಬದಿಗೆ ಲೋಹ ಉಬ್ಬಿ ನಿಂತಿರುತ್ತದೆ. ಬೆಳಕು ಬಿದ್ದಾಗ ಕಣ್ಣಿಗೆ ಹೊಡೆಯುವುದರಲ್ಲಿ ಈ ಉಬ್ಬಿನ ಪಾಲೂ ಇದೆ. ಹಗುರವಾಗಿ ಬಫ್ ಮಾಡಿದಾಗ, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿದಾಗ, ಮೊದಲು ಸವೆಯುವುದು ಈ ಉಬ್ಬು. ಅದಕ್ಕೇ ಎರಡು ನಿಮಿಷದ ಕೆಲಸಕ್ಕೇ ಮುಕ್ಕಾಲು ಗೀರು ಮಾಯ ಆದ ಹಾಗೆ ಕಾಣುತ್ತದೆ. ಉಳಿದ ಕಾಲು ಭಾಗಕ್ಕೆ ಹಠ ಹಿಡಿದು ಹೋದಾಗಲೇ ಲೋಹ ಜಾಸ್ತಿ ಖರ್ಚಾಗುವುದು.

ಉಗುರಿಗೆ ಸಿಗದ ಗೀರು ಸಾಮಾನ್ಯವಾಗಿ ಇಂಥ ಮೇಲ್ಮೇಲಿನದು. ಸಿಗುವಂಥದ್ದು ಆಳದ್ದು. ಈ ಪರೀಕ್ಷೆಗೆ ಭೂತಗನ್ನಡಿ ಬೇಕಿಲ್ಲ, ಕಣ್ಣು ಮುಚ್ಚಿಕೊಂಡು ಮಾಡಬಹುದು. ನನ್ನದು, ಹೇಳಿದೆನಲ್ಲ, ಸಿಗುತ್ತದೆ.

ಸರಿ, ಒಂದಿಷ್ಟು ಲೋಹ ಹೋದರೆ ಹೋಗಲಿ, ಉಕ್ಕಿನ ಮುದ್ದೆ ತಾನೇ ಅನ್ನಬಹುದು. ಸಪಾಟು ಜಾಗದಲ್ಲಾದರೆ ನಿಜವಾಗಿಯೂ ದೊಡ್ಡ ನಷ್ಟವಿಲ್ಲ. ನಷ್ಟ ಆಗುವುದು ಅಂಚುಗಳಲ್ಲಿ. ಬಫಿಂಗ್ ಚಕ್ರ ಬಟ್ಟೆಯದು, ಮೆತ್ತಗಿರುತ್ತದೆ. ಮೆತ್ತಗಿನ ಚಕ್ರಕ್ಕೆ ಚೂಪಾದ ಅಂಚು ಒತ್ತಿದರೆ ಬಟ್ಟೆ ಅಂಚಿನ ಎರಡೂ ಕಡೆಗೆ ಬಾಗಿ ಅಪ್ಪಿಕೊಳ್ಳುತ್ತದೆ. ಅಂಚು ದುಂಡಗಾಗುತ್ತದೆ. ಬಚ್ಚಲ ಸೋಪು ನೋಡಿ, ಮೊದಲ ದಿನ ನಾಲ್ಕು ಮೂಲೆ, ವಾರ ಕಳೆದರೆ ಮೊಟ್ಟೆ. ಹಾಗೆ. ಒಂದು ಒಳ್ಳೆ ವಾಚಿನ ಕೇಸಿಗೆ ನಾವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಅಂಚುಗಳಿಗೇ ಕೊಡುವುದು. ಒಂದು ಕಡೆ ಕನ್ನಡಿ ಹೊಳಪು, ಪಕ್ಕದಲ್ಲಿ ಬ್ರಶ್ ಮಾಡಿದ ಮಂಕು, ನಡುವೆ ಕತ್ತಿಯ ಬಾಯಿಯಂಥ ಗೆರೆ. ಆ ಗೆರೆ ಕಲಸಿಹೋದರೆ ಉಳಿಯುವುದು ಹೊಳೆಯುವ ಪಾತ್ರೆ ಅಷ್ಟೆ.

ಈಗ ಆ ಹಳೇ ಅನುಭವ.

ಇದಕ್ಕೂ ಮುಂಚೆ ನನ್ನ ಹತ್ತಿರ ಬೇರೆ ವಾಚು ಇತ್ತು. ಸೆಕೆಂಡ್ ಹ್ಯಾಂಡ್. ಮಾರುವವರು ಕಳಿಸಿದ ಫೋಟೋದಲ್ಲಿ ಫಳಫಳ ಅನ್ನುತ್ತಿತ್ತು, ಎಲ್ಲೂ ಒಂದು ಕೂದಲೆಳೆಯಷ್ಟು ಗೀರಿಲ್ಲ. ಇಪ್ಪತ್ತೈದು ವರ್ಷ ಹಳೆಯದು, ಆದರೂ ಹೊಸದರ ಹಾಗಿದೆ, ಅದೃಷ್ಟ ಅಂದರೆ ಇದು ಅಂದುಕೊಂಡೆ. ಇಪ್ಪತ್ತೈದು ವರ್ಷ ಯಾರೋ ಕೈಗೆ ಕಟ್ಟಿದ ವಾಚಿನ ಮೇಲೆ ಒಂದೂ ಗೀರಿಲ್ಲ ಅಂದರೆ ಅದಕ್ಕೆ ಕಾರಣ ಏನಿರಬಹುದು ಅಂತ ಯೋಚಿಸುವ ಬುದ್ಧಿ ಆಗ ಇರಲಿಲ್ಲ. ಖುಷಿಯಿಂದ ಎರಡು ವರ್ಷ ಕಟ್ಟಿದೆ. ಒಂದು ದಿನ ಒಬ್ಬ ಗೆಳೆಯ ಬಂದ, ಅವನ ಕೈಯಲ್ಲೂ ಅದೇ ಮಾಡೆಲ್. ಅವನದು ಪೂರ್ತಿ ಗೀರು, ಗಾಜಿನ ಸುತ್ತಲಿನ ಬಳೆ, ಅಂದರೆ ಬೆಜೆಲ್ ಮೇಲೆ ಒಂದು ತಗ್ಗು, ನೋಡಲು ಏನೂ ಚೆನ್ನಾಗಿಲ್ಲ ಅಂತ ಮನಸ್ಸಿನಲ್ಲೇ ನಕ್ಕೆ. ಆಮೇಲೆ ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟೆವು.

ನಗು ಅಲ್ಲಿಗೆ ನಿಂತಿತು. ಅವನ ವಾಚಿನ ಕಿವಿಗಳು ದಪ್ಪ, ಮೇಲಿಂದ ಕೆಳಗಿನವರೆಗೆ ಓರೆಯಾಗಿ ಕತ್ತರಿಸಿದ ಅಗಲವಾದ ಅಂಚು, ಬೆಳಕಿಗೆ ಹಿಡಿದರೆ ಒಂದು ಗೆರೆ ಮಿಂಚಿ ಹೋಗುತ್ತಿತ್ತು. ನನ್ನದರಲ್ಲಿ ಆ ಓರೆ ಅಂಚೇ ಇಲ್ಲ. ಇತ್ತು ಅನ್ನುವ ಗುರುತೂ ಇಲ್ಲ. ಕಿವಿಗಳು ಬೆಕ್ಕಿನ ಪಂಜದ ಹಾಗೆ ಮೆತ್ತಗೆ ದುಂಡಗಿವೆ. ಪಿನ್ನು ಹಾಕುವ ತೂತು ಅವನದರಲ್ಲಿ ನಡುವೆ ಇದ್ದರೆ ನನ್ನದರಲ್ಲಿ ಅಂಚಿಗೆ ಬಂದು ನಿಂತಿದೆ, ತೂತಿನ ಬಾಯಿ ಒಳಗೆ ಇಳಿಜಾರಾಗಿ ಸವೆದಿದೆ. ತೂತು ಎಲ್ಲಿಗೂ ಸರಿದಿಲ್ಲ, ಸುತ್ತಲಿನ ಲೋಹ ಸರಿದಿದೆ. ಚೈನಿನ ತುದಿಗೂ ಕೇಸಿಗೂ ನಡುವೆ ಸಣ್ಣ ಸಂದು. ಎರಡು ವರ್ಷ ನಾನು ಅದನ್ನು ದಿನಾ ನೋಡಿದ್ದೇನೆ, ಒಂದು ಸಲವೂ ಕಂಡಿರಲಿಲ್ಲ. ಕಂಡ ಮೇಲೆ ಇನ್ನೇನೂ ಕಾಣಲಿಲ್ಲ.

ಮಾರಿದವರನ್ನು ಬೈಯುವ ಹಾಗೂ ಇಲ್ಲ. ಅವರು ಸುಳ್ಳೇನೂ ಹೇಳಿರಲಿಲ್ಲ, ಗೀರಿಲ್ಲ ಅಂದಿದ್ದರು, ಗೀರು ಇರಲಿಲ್ಲ. ಎಷ್ಟು ಸಲ ಪಾಲಿಶ್ ಆಗಿದೆ ಅಂತ ನಾನು ಕೇಳಿರಲಿಲ್ಲ, ಅಷ್ಟೆ. ಆವತ್ತಿನಿಂದ ಹಳೇ ವಾಚು ನೋಡಿದರೆ ನಾನು ಮೊದಲು ಹುಡುಕುವುದು ಗೀರನ್ನು. ಗೀರು ಕಂಡರೆ ಸಮಾಧಾನ.

ಹಳೇ ವಾಚಿನ ಸಂತೆಯಲ್ಲಿ ಪಾಲಿಶ್ ಆಗಿಲ್ಲ ಅನ್ನುವ ಮಾತಿಗೆ ಬೆಲೆ ಬಂದಿರುವುದು ಇದಕ್ಕೇ. ಸಂಗ್ರಹ ಮಾಡುವವರಿಗೆ ಕಾರ್ಖಾನೆಯಿಂದ ಹೊರಟ ದಿನದ ಆಕಾರ ಬೇಕು. ಗೀರಿದ್ದರೆ ಮುಂದೆ ಯಾವತ್ತಾದರೂ ತೆಗೆಸಬಹುದು, ಹೋದ ಲೋಹವನ್ನು ವಾಪಸ್ ತರುವುದು ಕಷ್ಟ. ಈಗ ಲೇಸರ್ ವೆಲ್ಡಿಂಗ್ ಇದೆ, ಅದೇ ಜಾತಿಯ ಉಕ್ಕಿನ ಸಣ್ಣ ತಂತಿ ಕರಗಿಸಿ ತಗ್ಗಿಗೆ ತುಂಬಿ, ಮತ್ತೆ ತೀಡಿ ಮೂಲ ಆಕಾರಕ್ಕೆ ತರುತ್ತಾರೆ. ಮಾಡುವವರು ಕಡಿಮೆ, ಖರ್ಚು ಜಾಸ್ತಿ. ಕೈ ಪಳಗಿದವರು ಮಾಡಿದ್ದನ್ನು ನೋಡಿದರೆ ದಂಗಾಗುತ್ತೇವೆ, ಆದರೆ ನನ್ನ ಗೀರಿಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಗೀರಿನ ಬೆಲೆಯ ಮಾತು ಬಂದರೆ ಹಾಲಿವುಡ್ ನಟ ಮರ್ಲಾನ್ ಬ್ರಾಂಡೋ ಕಟ್ಟುತ್ತಿದ್ದ ರೋಲೆಕ್ಸ್ ಜಿಎಂಟಿ ಮಾಸ್ಟರ್ ನೆನಪಾಗುತ್ತದೆ. ಅಪೋಕ್ಯಾಲಿಪ್ಸ್ ನೌ ಸಿನಿಮಾದಲ್ಲಿ ಅದು ಎದ್ದು ಕಾಣುತ್ತದೆ, ಬಿಚ್ಚಿಡಿ ಅಂತ ಹೇಳಿದ್ದಕ್ಕೆ ಆತ ಬೆಜೆಲನ್ನೇ ಕಿತ್ತು ಹಾಕಿ ಕಟ್ಟಿಕೊಂಡರಂತೆ. ವಾಚಿನ ಹಿಂಭಾಗದಲ್ಲಿ ಅವರ ಹೆಸರು ಇದೆ, ಅವರೇ ಕೈಯಾರೆ ಕೊರೆದದ್ದು. 2019ರ ಡಿಸೆಂಬರಿನಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ 19.5 ಲಕ್ಷ ಡಾಲರಿಗೆ ಹೋಯಿತು. ಅದನ್ನು ಯಾರಾದರೂ ಅಚ್ಚುಕಟ್ಟಾಗಿ ಪಾಲಿಶ್ ಮಾಡಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಅಕ್ಕನಿಗೆ ಈ ಕಥೆ ಹೇಳಿದೆ. "ಅವನು ಬ್ರಾಂಡೋ. ನಿನ್ನದು ಚಿಲಕ" ಅಂದಳು. ಅದೂ ಸರಿಯೇ. ನಮ್ಮ ವಾಚಿನ ಗೀರಿಗೆಲ್ಲ ಇತಿಹಾಸ ಅಂತ ಹೆಸರಿಡುವ ಚಟ ಕೆಲವರಿಗಿದೆ. ನನ್ನ ಗೀರಿನಲ್ಲಿ ಯಾವ ಇತಿಹಾಸವೂ ಇಲ್ಲ, ಅಜಾಗರೂಕತೆ ಇದೆ.

ಪಾಲಿಶ್ ಮಾಡಿಸಿದವರನ್ನು ಏನೋ ಅಪರಾಧ ಮಾಡಿದವರ ಹಾಗೆ ನೋಡುವವರನ್ನು ಕಂಡರೂ ನನಗಾಗುವುದಿಲ್ಲ. ದಿನಾ ಕಟ್ಟುವ, ಈಗಿನ ಕಾಲದ, ಲಕ್ಷಗಟ್ಟಲೆ ತಯಾರಾಗುವ ವಾಚನ್ನು ಹತ್ತು ವರ್ಷಕ್ಕೊಮ್ಮೆ ಕೆಲಸ ಬಲ್ಲವರ ಹತ್ತಿರ ಹಗುರವಾಗಿ ಪಾಲಿಶ್ ಮಾಡಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ನಿಮ್ಮ ವಾಚು, ನಿಮ್ಮ ಕಣ್ಣು. ನೋಡಿದಾಗೆಲ್ಲ ಬೇಜಾರಾಗುವ ವಾಚನ್ನು ಯಾರೋ ಮುಂದೆ ಕೊಳ್ಳುವವರ ಖುಷಿಗಾಗಿ ಹಾಗೇ ಇಟ್ಟುಕೊಳ್ಳಬೇಕಾ? ನೀವೇ ಹೇಳಿ.

ಆದರೆ ಎಲ್ಲ ವಾಚಿಗೂ ಈ ಮಾತು ಹೊಂದುವುದಿಲ್ಲ. ಚಿನ್ನದ ಲೇಪ ಇದ್ದರೆ ಮುಟ್ಟಲೇಬೇಡಿ, ಲೇಪದ ದಪ್ಪ ಮೈಕ್ರಾನ್ ಲೆಕ್ಕದಲ್ಲಿರುತ್ತದೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಚಕ್ರಕ್ಕೆ ಹಿಡಿದರೆ ಕೆಳಗಿನ ಲೋಹ ಹಲ್ಲು ಕಿಸಿಯುತ್ತದೆ. ಕಪ್ಪು ಲೇಪದ ಪಿವಿಡಿ, ಡಿಎಲ್‌ಸಿ ವಾಚುಗಳೂ ಹಾಗೆಯೇ. ಮೇಲ್ಮೈಯನ್ನೇ ಗಟ್ಟಿ ಮಾಡಿರುವ ವಾಚುಗಳಿವೆ, ಸಿಟಿಜನ್‌ನ ಡ್ಯುರಾಟೆಕ್ಟ್, ಸಿನ್ ಕಂಪನಿಯ ಟೆಜಿಮೆಂಟ್ ತರಹದವು. ಅವನ್ನು ಉಜ್ಜಿದರೆ ಗಟ್ಟಿ ಪದರವೇ ಹೋಗಿಬಿಡುತ್ತದೆ. ಸೆರಾಮಿಕ್‌ಗೆ ಗೀರು ಬೀಳುವುದೇ ಅಪರೂಪ, ಆದರೆ ವಾಚು ಕೈ ಜಾರಿ ನೆಲಕ್ಕೆ ಬಿದ್ದರೆ ಒಡೆಯಬಹುದು. ಕಂಚಿನ ವಾಚು ಮಾಸಲೆಂದೇ ತಗೊಳ್ಳುವುದು, ಅದನ್ನು ತಿಕ್ಕಿ ಹೊಳೆಸುವವರ ಹತ್ತಿರ ನನಗೆ ಮಾತಿಲ್ಲ.

ಗಾಜಿನ ವಿಷಯ ಇನ್ನೊಂದು ಥರ. ಹಳೇ ಕಾಲದ ಅಕ್ರಿಲಿಕ್ ಗಾಜು, ಒಮೆಗಾ ಸ್ಪೀಡ್‌ಮಾಸ್ಟರಿನ ಒಂದು ಬಗೆಯಲ್ಲಿ ಇವತ್ತಿಗೂ ಬರುತ್ತದೆ, ಹೆಸಲೈಟ್ ಅನ್ನುತ್ತಾರೆ. ಅದಕ್ಕೆ ಗೀರು ಬೀಳುವುದೂ ಸುಲಭ, ಸ್ವಲ್ಪ ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಐದು ನಿಮಿಷ ಉಜ್ಜಿದರೆ ಹೋಗುವುದೂ ಸುಲಭ. ಈ ಇಡೀ ವ್ಯವಹಾರದಲ್ಲಿ ಯೋಚನೆ ಇಲ್ಲದೆ ಮಾಡಬಹುದಾದ ಪಾಲಿಶ್ ಇದೊಂದೇ. ನೀಲಮಣಿಯ ಗಾಜು, ಅಂದರೆ ಸಫೈರ್, ಗಟ್ಟಿತನ ಅಳೆಯುವ ಮೋಸ್ ಅನ್ನುವ ಅಳತೆಯಲ್ಲಿ 9, ಅದಕ್ಕಿಂತ ಗಟ್ಟಿ ಅಂದರೆ 10ರ ವಜ್ರ. ಅದರ ಮೇಲೂ ಗೀರು ಕಂಡರೆ ಗಾಬರಿ ಬೇಡ, ಎಷ್ಟೋ ಸಲ ಅದು ಗಾಜಿನದಲ್ಲ, ಪ್ರತಿಫಲನ ಕಾಣದಿರಲಿ ಅಂತ ಹೊರಗಡೆ ಹಾಕಿರುವ ಲೇಪದ್ದು.

ಉಕ್ಕಿಗೆ ಗೀರು ಬೀಳುವುದು ಯಾಕೆ ಅಂದರೆ ನಮ್ಮ ಸುತ್ತ ಇರುವ ಧೂಳಿನಿಂದ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಮರಳಿನ ಕ್ವಾರ್ಟ್ಜ್ ಮೋಸ್ ಅಳತೆಯಲ್ಲಿ 7. ವಾಚಿನ ಉಕ್ಕು ಅದಕ್ಕಿಂತ ಮೆತ್ತಗೆ. ಹೆಚ್ಚಿನ ಕಂಪನಿಗಳು 316ಎಲ್ ಅನ್ನುವ ಉಕ್ಕು ಬಳಸುತ್ತವೆ, ರೋಲೆಕ್ಸ್ 904ಎಲ್ ಬಳಸುತ್ತದೆ. ಆ 904ಎಲ್ ತುಕ್ಕು ತಡೆಯುವುದರಲ್ಲಿ ಮುಂದು, ಗೀರು ತಡೆಯುವುದರಲ್ಲಲ್ಲ. ಅಂಗಿಯ ತೋಳಿಗೆ ಉಜ್ಜಿಕೊಂಡು ಒರೆಸುವ ಅಭ್ಯಾಸ ಇದೆಯಲ್ಲ, ಆ ಕೂದಲೆಳೆ ಗೀರುಗಳಲ್ಲಿ ಎಷ್ಟೋ ನಾವೇ ಹಾಗೆ ಮಾಡಿದವು. ಬಟ್ಟೆ ತಪ್ಪು ಮಾಡಿಲ್ಲ, ಬಟ್ಟೆಯ ಮೇಲಿನ ಧೂಳು ಮಾಡಿದೆ. ನೀರು ಹೋಗದ ವಾಚಾದರೆ ಮೊದಲು ತೊಳೆದು ಆಮೇಲೆ ಒರೆಸಿ.

ಬ್ರಶ್ ಫಿನಿಶ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಎರಡನೇ ಪಾಠ ಅಲ್ಲಿ ಆಯಿತು. ಬ್ರಶ್ ಫಿನಿಶ್ ಅಂದರೆ ಏನು? ಒಂದೇ ದಿಕ್ಕಿಗೆ ಎಳೆದ ಸಾವಿರಾರು ಗೀರು. ಕಂಪನಿಯವರೇ ಹಾಕಿಕೊಟ್ಟಿರುವ ಗೀರು, ಅದಕ್ಕೆ ನಾವು ದುಡ್ಡು ಕೊಟ್ಟಿದ್ದೇವೆ. ಅದೇ ದಿಕ್ಕಿಗೆ ಇನ್ನೊಂದು ಬಿದ್ದರೆ ಯಾರಿಗೂ ಕಾಣುವುದಿಲ್ಲ, ಅಡ್ಡ ಬಿದ್ದರೆ ಮೈಲಿ ದೂರಕ್ಕೆ ಕಾಣುತ್ತದೆ. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಕೇಪ್ ಕಾಡ್ ಅನ್ನುವ ಪಾಲಿಶ್ ಬಟ್ಟೆ ತರಿಸಿ, ಒಂದು ಭಾನುವಾರ ಕೂತು ಕೊಂಡಿಯನ್ನು ಚೆನ್ನಾಗಿ ಉಜ್ಜಿದೆ. ಆ ಬಟ್ಟೆ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಅದರ ಕೆಲಸ ಕನ್ನಡಿ ಹೊಳಪು ತರುವುದು. ಬ್ರಶ್ ಮಾಡಿದ ಕೊಂಡಿಯ ನಡುವೆ ಎಣ್ಣೆ ಹಚ್ಚಿದ ತಲೆಯ ಹಾಗೆ ಒಂದು ಹೊಳೆಯುವ ಪಟ್ಟಿ ಎದ್ದಿತು. ಅದನ್ನು ಸರಿ ಮಾಡಲು ಸ್ಕಾಚ್ ಬ್ರೈಟ್ ತಗೊಂಡೆ. ತಗೊಂಡದ್ದು ಸರಿ, ಆದರೆ ಕೈ ನೇರ ಹೋಗಲಿಲ್ಲ, ಕೊನೆಗೆ ಹೋಗುವಾಗ ಮಣಿಕಟ್ಟು ತಿರುಗಿ ಗೆರೆಗಳೆಲ್ಲ ಬಾಳೆಹಣ್ಣಿನ ಹಾಗೆ ಬಾಗಿದವು. ಪಕ್ಕದ ಹೊಳಪಿನ ಅಂಚಿಗೆ ಟೇಪು ಅಂಟಿಸಬೇಕು ಅಂತಲೂ ಹೊಳೆದಿರಲಿಲ್ಲ.

ಕೊಂಡಿಯಾದ್ದರಿಂದ ಬಚಾವಾದೆ. ಕೊಂಡಿ ಸಪಾಟು, ಬೇಕಾದರೆ ಬೇರೆ ಹಾಕಿಸಬಹುದು, ಮುಖಕ್ಕೆ ಕಾಣುವುದೂ ಇಲ್ಲ. ಕೈ ತುರಿಸುವವರು ಕಲಿಯುವುದಾದರೆ ಅಲ್ಲೇ ಕಲಿಯಲಿ. ಕೇಸಿನ ಹತ್ತಿರ ಹೋಗಬೇಡಿ. ಕೇಸನ್ನು ಸರಿಯಾಗಿ ಪಾಲಿಶ್ ಮಾಡಬೇಕಾದರೆ ಒಳಗಿನ ಮಷೀನು, ಗಾಜು, ಬೆಜೆಲ್, ಬಟನ್ನುಗಳು ಎಲ್ಲವನ್ನೂ ಬಿಚ್ಚಬೇಕು. ಇಲ್ಲದಿದ್ದರೆ ಪಾಲಿಶ್ ಮಸಾಲೆ ಸಂದಿಯಲ್ಲಿ ಹೋಗಿ ಕೂರುತ್ತದೆ. ಮತ್ತೆ ಜೋಡಿಸಿದ ಮೇಲೆ ನೀರು ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿ ನೀರು ಹೋಗುತ್ತದಾ ಅಂತ ಒತ್ತಡದ ಪರೀಕ್ಷೆ ಮಾಡಬೇಕು. ಯಾರಾದರೂ ಚೈನು ಬಿಚ್ಚದೆ, ಕಾಯಿರಿ ಹತ್ತು ನಿಮಿಷ, ಪಾಲಿಶ್ ಮಾಡಿಕೊಡುತ್ತೇನೆ ಅಂದರೆ ವಾಚು ಜೇಬಿಗಿಟ್ಟುಕೊಂಡು ಬಂದ ದಾರಿ ಹಿಡಿಯಿರಿ.

ಅಂಚು ಉಳಿಸಿಕೊಂಡೇ ಪಾಲಿಶ್ ಮಾಡುವ ವಿದ್ಯೆ ಇಲ್ಲ ಅಂತಲ್ಲ. ಬಟ್ಟೆಯ ಚಕ್ರದ ಬದಲು ಗಟ್ಟಿಯಾದ, ಸಪಾಟಾದ, ತಿರುಗುವ ತಟ್ಟೆಗೆ ಕೇಸಿನ ಒಂದೊಂದೇ ಮುಖವನ್ನು ಒತ್ತಿ ಹಿಡಿಯುತ್ತಾರೆ, ಲ್ಯಾಪಿಂಗ್ ಅಂತ. ತಟ್ಟೆ ಬಾಗುವುದಿಲ್ಲ, ಆದ್ದರಿಂದ ಅಂಚು ಚೂಪಾಗೇ ಉಳಿಯುತ್ತದೆ. ಜಪಾನಿನ ಗ್ರ್ಯಾಂಡ್ ಸೈಕೋ ಕಂಪನಿಯವರು ಹೆಮ್ಮೆಯಿಂದ ಹೇಳುವ ಝರಾತ್ಸು ಪಾಲಿಶ್ ಇದೇ ಜಾತಿಯದು. ಅಪ್ಪಟ ಜಪಾನಿ ಪದ ಅಂದುಕೊಂಡಿದ್ದೆ, ನೋಡಿದರೆ ಸಲ್ಲಾಜ್ ಅನ್ನುವ ಯಂತ್ರ ತಯಾರಕರ ಹೆಸರು ಜಪಾನಿ ಬಾಯಲ್ಲಿ ಝರಾತ್ಸು ಆಗಿದೆ. ಯಂತ್ರ ಇದ್ದರೆ ಸಾಲದು, ಹಿಡಿಯುವ ಕೈ ಬೇಕು, ಯಾವ ಕೋನದಲ್ಲಿ ಎಷ್ಟು ಒತ್ತಬೇಕು ಅನ್ನುವುದು ವರ್ಷಗಟ್ಟಲೆ ಮಾಡಿದವರಿಗೇ ಗೊತ್ತು. ಆಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ ವಾಚು ನೋಡಿ, ಜೆರಾಲ್ಡ್ ಜೆಂಟಾ ವಿನ್ಯಾಸ ಮಾಡಿ 1972ರಲ್ಲಿ ಬಂದದ್ದು. ಎಂಟು ಮೂಲೆಯ ಬೆಜೆಲ್, ಮೇಲ್ಮುಖ ಬ್ರಶ್, ಸುತ್ತಲೂ ಕನ್ನಡಿಯಂಥ ಓರೆ ಅಂಚು. ಆ ಓರೆ ಅಂಚು ಒಂದು ಕಡೆ ಸ್ವಲ್ಪ ಅಗಲವಾಯಿತು ಅಂದರೂ ಮುಗೀತು, ಮಿಕ್ಕ ಏಳು ಕಡೆ ಅದನ್ನು ಬೆರಳು ಮಾಡಿ ತೋರಿಸುತ್ತವೆ. ದುಂಡಗಿನ ಕೇಸಿಗೆ ಆ ಕಷ್ಟ ಇಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು, ವಾಚು ಕೆಲಸ ಬಲ್ಲ ಒಬ್ಬರ ಹತ್ತಿರ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚನ್ನು ದೀಪದ ಕೆಳಗೆ ಆಡಿಸಿ ಆಡಿಸಿ ನೋಡಿದರು. ಮಾತಿಲ್ಲ. ಗೀರನ್ನು ನೋಡುತ್ತಿದ್ದಾರೆ ಅಂದುಕೊಂಡೆ. ಅವರು ನೋಡುತ್ತಿದ್ದುದು ಮಿಕ್ಕ ಮೂರು ಕಿವಿಗಳನ್ನು.

"ಇದುವರೆಗೆ ಪಾಲಿಶ್ ಆಗಿಲ್ಲ ಅಲ್ವಾ ಸರ್ ಇದು?" ಅಂದರು.

ಇಲ್ಲ ಅಂದೆ.

"ಗೀರು ಆಳ ಇದೆ. ಪೂರ್ತಿ ತೆಗೀಬಹುದು. ಆದರೆ ಇದೊಂದು ಕಿವಿ ತೆಗೆದ್ರೆ ಇದು ಸಣ್ಣ ಆಗುತ್ತೆ, ಆ ಮೂರು ದಪ್ಪ ಉಳಿಯುತ್ತೆ. ಸಮ ಮಾಡ್ಬೇಕು ಅಂದ್ರೆ ನಾಲ್ಕನ್ನೂ ತೆಗೀಬೇಕು."

ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ಇಷ್ಟು ದಿನ ನಾನು ಒಂದು ಗೀರಿನ ಲೆಕ್ಕ ಹಾಕುತ್ತಿದ್ದೆ. ನಾಲ್ಕು ಮಿಲಿಮೀಟರ್ ಗೀರಿಗಾಗಿ ಏನೂ ಆಗದೆ ಚೆನ್ನಾಗಿರುವ ಮೂರು ಕಿವಿಗಳನ್ನು ಕೆರೆಸಬೇಕು. ಅವುಗಳ ಓರೆ ಅಂಚನ್ನೂ ಮತ್ತೆ ಹೊಸದಾಗಿ ಕೊರೆಯಬೇಕು.

"ಅರ್ಧ ತೆಗೆದರೆ?" ಅಂತ ಕೇಳಿದೆ.

"ಮೇಲೆ ಎದ್ದಿರೋ ಚೂಪು ಮಾತ್ರ ಕೂರಿಸಬಹುದು. ಉಗುರಿಗೆ ಸಿಗಲ್ಲ, ಕಣ್ಣಿಗೆ ಇಷ್ಟು ಹೊಡೆಯಲ್ಲ. ಗೀರು ಇರುತ್ತೆ." ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕೇ ಈಗ ಖರ್ಚು ಮಾಡ್ಬಿಟ್ರೆ, ನಾಳೆ ಇದಕ್ಕಿಂತ ದೊಡ್ಡದು ಬಿದ್ರೆ ಏನು ಮಾಡ್ತೀರ?" ಅಂದರು. ಖರ್ಚು ಅಂದದ್ದು ದುಡ್ಡಿಗಲ್ಲ, ಲೋಹಕ್ಕೆ. ಅವರು ಲೋಹವನ್ನು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ ಮಾತಾಡುತ್ತಿದ್ದರು. ಪಾಲಿಶ್ ಮಾಡಿದರೆ ದುಡ್ಡು ಸಿಗುವುದು ಅವರಿಗೆ, ಬೇಡ ಅಂತ ಹೇಳುತ್ತಿರುವವರೂ ಅವರೇ.

ಅಲ್ಲೇ ತೀರ್ಮಾನ ಮಾಡಿದೆ. ಕೇಸು ಮುಟ್ಟುವುದು ಬೇಡ. ಗೀರಿನ ಎರಡು ಬದಿಯ ಉಬ್ಬನ್ನು ಮಾತ್ರ ಕೂರಿಸಲಿ. ಕೊಂಡಿಯನ್ನು ಪೂರ್ತಿ ಹೊಸದಾಗಿ ಬ್ರಶ್ ಮಾಡಲಿ, ನಾನು ಬಿಡಿಸಿದ್ದ ಬಾಳೆಹಣ್ಣುಗಳ ಸಮೇತ ಹೋಗಲಿ. ಚೀಟಿಯ ಮೇಲೆ ದೊಡ್ಡದಾಗಿ "ಕೇಸ್ ಪಾಲಿಶ್ ಬೇಡ" ಅಂತ ಬರೆಸಿದೆ, ಬರೆದದ್ದನ್ನು ಓದಿಸಿದೆ. ಬಾಯಲ್ಲಿ ಹೇಳಿದ್ದು ಕೌಂಟರಿನಿಂದ ಒಳಗಿನ ಟೇಬಲ್ಲಿಗೆ ಹೋಗುವಷ್ಟರಲ್ಲಿ ಆವಿಯಾಗುತ್ತದೆ. ಕೊಡುವ ಮುಂಚೆ ನಾಲ್ಕೂ ಕಿವಿಯ ಫೋಟೋ ತೆಗೆದಿಟ್ಟಿದ್ದೆ, ಹಗಲು ಬೆಳಕಿನಲ್ಲಿ, ಓರೆಯಾಗಿ. ವರ್ನಿಯರ್ ಹಿಡಿದು ಕಿವಿಯ ದಪ್ಪವನ್ನೂ ಅಳೆದು ಬರೆದುಕೊಂಡಿದ್ದೆ. ನಗಬೇಡಿ. ಬೆಕ್ಕಿನ ಪಂಜದ ವಾಚನ್ನು ಎರಡು ವರ್ಷ ಕಟ್ಟಿದವನು ನಾನು.

ಇದೇ ವಾಚು ಕನ್ನಡಿ ಹೊಳಪಿನ ದುಂಡು ಕೇಸಿನದಾಗಿದ್ದರೆ, ಅಥವಾ ಗೀರು ಉಗುರಿಗೆ ಸಿಗದಂಥದ್ದಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆನೇನೋ. ಇನ್ನು ಹತ್ತು ವರ್ಷ ಬಿಟ್ಟು, ಇಂಥವು ಇನ್ನೂ ಏಳೆಂಟು ಬಿದ್ದು, ನಾಲ್ಕೂ ಕಿವಿ ಸಮನಾಗಿ ಹಾಳಾದ ಮೇಲೆ ಒಂದೇ ಸಲ ಮಾಡಿಸುತ್ತೇನೆ, ಆಗ ಕೆರೆಸಿದ್ದಕ್ಕೂ ಒಂದು ಅರ್ಥ ಇರುತ್ತದೆ. ಅಥವಾ ಅಷ್ಟರಲ್ಲಿ ಅಭ್ಯಾಸವಾಗಿ ಸುಮ್ನೆ ಬಿಟ್ಟುಬಿಡುತ್ತೇನೆ.

ಸರ್ವೀಸ್ ಮುಗಿದು ವಾಚು ಕೈಗೆ ಬಂತು. ಮನೆಗೆ ಬಂದು ಮೊದಲು ವರ್ನಿಯರ್ ತೆಗೆದೆ. ನಾಲ್ಕೂ ಕಿವಿ ಇದ್ದ ಹಾಗೇ ಇವೆ. ಕೊಂಡಿಯ ಗೆರೆಗಳು ನೇರವಾಗಿವೆ, ಕಂಪನಿಯದಕ್ಕಿಂತ ಒಂಚೂರು ಒರಟು, ಆದರೆ ನೇರ. ಗೀರು ಅಲ್ಲೇ ಇದೆ. ಉಗುರಿಗೆ ಸಿಗುವುದಿಲ್ಲ, ಓರೆ ಬೆಳಕಿಗೆ ಹಿಡಿದರೆ ಕಾಣುತ್ತದೆ.

ಹೋದ ವಾರ ಅಕ್ಕ ಬಂದಿದ್ದಳು. ಕೈ ಎಳೆದುಕೊಂಡು, ಕನ್ನಡಕ ಹಾಕಿಕೊಂಡು ವಾಚು ನೋಡಿದಳು.

"ನೋಡು, ಎಷ್ಟು ಚೆನ್ನಾಗಿ ಪಾಲಿಶ್ ಮಾಡಿದಾರೆ. ಗೀರು ಇತ್ತು ಅಂತಾನೇ ಗೊತ್ತಾಗಲ್ಲ. ಮೊದಲೇ ಹೇಳಿದ್ನಲ್ಲೋ."

ಹೂಂ ಅಂದೆ.